ಸಹಿ ಹಾಕಿದರೆ ಸಾಲದು: ರೋಮ್ ಶಾಸನಕ್ಕೆ ಸೇರುವ ಮತ್ತು ಅದನ್ನು ತಿದ್ದುವ ದಾರಿ

ರೋಮ್ ಶಾಸನ ಎಂಬ ಒಪ್ಪಂದದಿಂದ ಹುಟ್ಟಿದ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಒಂದು ದೇಶ ಸದಸ್ಯ ಹೌದೋ ಅಲ್ಲವೋ ಎಂದು ತಿಳಿಯಬೇಕಾದರೆ ಸಹಿಯ ತಾರೀಖನ್ನು ನೋಡಬೇಡಿ. ಕಾನೂನು ವಿದ್ಯಾರ್ಥಿಗಳ ಉತ್ತರ ಪತ್ರಿಕೆಗಳಲ್ಲಿ ನನ್ನ ಕೆಂಪು ಶಾಯಿ ಹೆಚ್ಚು ಖರ್ಚಾಗುವುದು ಇಲ್ಲಿಯೇ. ಅಮೆರಿಕವೂ ಸಹಿ ಹಾಕಿತ್ತು. ಅದೂ ಸಹಿಗೆ ಅವಕಾಶವಿದ್ದ ಕೊನೆಯ ದಿನ, 2000ರ ಡಿಸೆಂಬರ್ 31ರಂದು. 2002ರ ಮೇ ತಿಂಗಳಲ್ಲಿ, ಸದಸ್ಯತ್ವದ ಇರಾದೆ ತನಗಿಲ್ಲ ಎಂದು ಪತ್ರ ಬರೆದು ಕೈತೊಳೆದುಕೊಂಡಿತು. ಕರಾರು ಪತ್ರಕ್ಕೆ ಸಹಿ ಬಿದ್ದ ಮಾತ್ರಕ್ಕೆ ಮನೆ ನಮ್ಮದಾಗದು, ನೋಂದಣಿಯಾಗಬೇಕು.

ಇಲ್ಲಿ ನೋಂದಣಿ ನಡೆಯುವುದು ನ್ಯೂಯಾರ್ಕ್‌ನಲ್ಲಿ, ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯ ಬಳಿ. ಸಹಿ ಹಾಕಿದ ದೇಶ ಅನುಮೋದನಾ ಪತ್ರ ಸಲ್ಲಿಸುತ್ತದೆ. ಸಹಿ ಹಾಕದೇ ಉಳಿದದ್ದು ನೇರವಾಗಿ ಸೇರ್ಪಡೆ ಪತ್ರ ಕೊಡಬಹುದು. ಅದಕ್ಕೂ ಮೊದಲು ತವರಿನ ಕೆಲಸ ಮುಗಿದಿರಬೇಕು. ಅರ್ಮೇನಿಯ 1999ರಲ್ಲೇ ಸಹಿ ಹಾಕಿತ್ತು. 2004ರಲ್ಲಿ ಅದರ ಸಾಂವಿಧಾನಿಕ ನ್ಯಾಯಾಲಯ, ಈ ಶಾಸನ ನಮ್ಮ ಸಂವಿಧಾನಕ್ಕೆ ಹೊಂದುವುದಿಲ್ಲ ಎಂದಿತು. ಸಂವಿಧಾನ ಬದಲಾದ ಮೇಲೆ, 2023ರ ಮಾರ್ಚ್‌ನಲ್ಲಿ, ಅದೇ ನ್ಯಾಯಾಲಯ ಹೊಂದುತ್ತದೆ ಎಂದಿತು. ಅಕ್ಟೋಬರ್‌ನಲ್ಲಿ ಸಂಸತ್ತು ಒಪ್ಪಿತು, ನವೆಂಬರ್ 14ರಂದು ಪತ್ರ ಸಲ್ಲಿಕೆಯಾಯಿತು.

ಈಗ ಎಣಿಸಿ. ಸಲ್ಲಿಕೆಯ ನಂತರದ 60ನೇ ದಿನ ಕಳೆಯಬೇಕು. ಆಮೇಲೆ ಬರುವ ತಿಂಗಳ ಒಂದನೇ ತಾರೀಖಿನಿಂದ ಸದಸ್ಯತ್ವ. ಅರ್ಮೇನಿಯಕ್ಕೆ 60ನೇ ದಿನ ಜನವರಿ 13. ಆದ್ದರಿಂದ ಸದಸ್ಯತ್ವ 2024ರ ಫೆಬ್ರವರಿ 1ರಿಂದ. ಈ ನಡುವಿನ ಅವಧಿಯಲ್ಲಿ ಮನಸ್ಸು ಬದಲಾದರೆ? ಮಲೇಷ್ಯಾ 2019ರ ಮಾರ್ಚ್ 4ರಂದು ಪತ್ರ ಕೊಟ್ಟು, ಏಪ್ರಿಲ್ 29ರಂದು ಹಿಂಪಡೆಯಿತು. ಜೂನ್ 1 ಬರುವ ಮುನ್ನವೇ ಕಥೆ ಮುಗಿಯಿತು.

ಷರತ್ತು ಹಾಕಿ ಸೇರುವಂತಿಲ್ಲ, 120ನೇ ವಿಧಿ ಅದನ್ನು ನಿಷೇಧಿಸಿದೆ. ಯುದ್ಧಾಪರಾಧಗಳ ವಿಷಯದಲ್ಲಿ ಏಳು ವರ್ಷದ ವಿನಾಯಿತಿ ಕೊಡುವ 124ನೇ ವಿಧಿಯೊಂದು ಕಿಂಡಿಯಾಗಿ ಉಳಿದಿತ್ತು. ಉಕ್ರೇನ್ 2024ರಲ್ಲಿ ಅದನ್ನು ಬಳಸಿಕೊಂಡಿತು. ಸದಸ್ಯರೇ 2015ರಲ್ಲಿ ಕೈಬಿಡಲು ತೀರ್ಮಾನಿಸಿದ ವಿಧಿಯದು! ತಿದ್ದುಪಡಿ ಅಂಗೀಕಾರವಾಗುವುದು ಬೇರೆ, ಜಾರಿಯಾಗುವುದು ಬೇರೆ.

ತಿದ್ದುಪಡಿಯ ಕ್ರಮ ಹೀಗಿದೆ. ಯಾವುದೇ ಸದಸ್ಯ ರಾಷ್ಟ್ರ ಕರಡನ್ನು ಮಹಾಕಾರ್ಯದರ್ಶಿಗೆ ಕಳಿಸುತ್ತದೆ. ಕನಿಷ್ಠ ಮೂರು ತಿಂಗಳು ಕಳೆದ ಮೇಲೆ ಸದಸ್ಯ ರಾಷ್ಟ್ರಗಳ ಸಭೆ ಅದನ್ನು ಕೈಗೆತ್ತಿಕೊಳ್ಳಬಹುದು. ಒಮ್ಮತ ಮೂಡದಿದ್ದರೆ ಮೂರನೇ ಎರಡರಷ್ಟು ಸದಸ್ಯರ ಬೆಂಬಲ ಬೇಕು. ಜಾರಿಯ ಬಾಗಿಲು ಮಾತ್ರ ವಿಷಯಕ್ಕೊಂದು. ಸಂಸ್ಥೆಯ ಆಡಳಿತದ ನಿಯಮಗಳಾದರೆ ಆರು ತಿಂಗಳಲ್ಲಿ ಎಲ್ಲರಿಗೂ ಅನ್ವಯ. ಸಾಮಾನ್ಯ ವಿಧಿಗಳಿಗೆ ಎಂಟರಲ್ಲಿ ಏಳು ಭಾಗ ಸದಸ್ಯರು ಅನುಮೋದಿಸಬೇಕು. 125 ಸದಸ್ಯರಿದ್ದರೆ 110 ದೇಶಗಳು, ಮೇಲೆ ಇನ್ನೊಂದು ವರ್ಷದ ಕಾಯುವಿಕೆ. 124ನೇ ವಿಧಿಯ ರದ್ದತಿ ಸಿಕ್ಕಿಬಿದ್ದದ್ದು ಇಲ್ಲಿಯೇ.

ಅಪರಾಧಗಳ ಪಟ್ಟಿಯಿರುವ 5ರಿಂದ 8ನೇ ವಿಧಿಗಳ ಲೆಕ್ಕ ಇನ್ನೂ ವಿಚಿತ್ರ. ತಿದ್ದುಪಡಿ ಒಪ್ಪಿದವರಿಗೆ ಮಾತ್ರ, ಒಪ್ಪಿಗೆ ಪತ್ರ ಕೊಟ್ಟ ಒಂದು ವರ್ಷದ ನಂತರ, ಅನ್ವಯ. ನಾಗರಿಕರನ್ನು ಹಸಿವಿಗೆ ದೂಡುವುದನ್ನು ಯುದ್ಧತಂತ್ರವಾಗಿ ಬಳಸುವುದು ಮೂಲ ಶಾಸನದಲ್ಲಿ ದೇಶದೇಶಗಳ ನಡುವಿನ ಯುದ್ಧಕ್ಕೆ ಮಾತ್ರ ಅಪರಾಧವಾಗಿತ್ತು. ಸ್ವಿಟ್ಜರ್ಲೆಂಡ್ ಮುಂದಿಟ್ಟ ಪ್ರಸ್ತಾವದಂತೆ 2019ರ ಡಿಸೆಂಬರ್‌ನಲ್ಲಿ ಆಂತರಿಕ ಸಂಘರ್ಷಕ್ಕೂ ವಿಸ್ತರಿಸಲಾಯಿತು. ಇದನ್ನು ಒಪ್ಪದ ಸದಸ್ಯ ರಾಷ್ಟ್ರದ ಪ್ರಜೆ ಅಥವಾ ನೆಲದ ಮೇಲೆ ಈ ಹೊಸ ಅಪರಾಧಕ್ಕಾಗಿ ನ್ಯಾಯಾಲಯ ಕೈಯಿಡುವಂತಿಲ್ಲ. ಆದ್ದರಿಂದ "ಸದಸ್ಯ ರಾಷ್ಟ್ರ" ಎಂದು ಬರೆದು ನಿಲ್ಲಿಸಬೇಡಿ. ಯಾವ ತಿದ್ದುಪಡಿ, ಯಾವ ತಾರೀಖು ಎಂಬುದನ್ನೂ ಬರೆಯಿರಿ.

ಈ ಶಾಸನವನ್ನು ಅಂಗೀಕರಿಸಿದ 1998ರ ಮತದಾನದಲ್ಲಿ ತಟಸ್ಥವಾಗಿದ್ದ ಭಾರತ ಸಹಿಯನ್ನೂ ಹಾಕಿಲ್ಲ.

ಹೊರನಡೆಯುವುದಕ್ಕೂ ತಾರೀಖಿನ ಲೆಕ್ಕವೇ. ನೋಟಿಸ್ ತಲುಪಿದ ಒಂದು ವರ್ಷದ ನಂತರವಷ್ಟೇ ಬಿಡುಗಡೆ, ಸದಸ್ಯತ್ವದ ಕಾಲದ ಬಾಧ್ಯತೆಗಳು ಉಳಿಯುತ್ತವೆ. ಬುರುಂಡಿ ಹೊರಬಿದ್ದದ್ದು 2017ರ ಅಕ್ಟೋಬರ್ 27ರಂದು. ನ್ಯಾಯಾಧೀಶರು ತನಿಖೆಗೆ ಅನುಮತಿ ಕೊಟ್ಟಿದ್ದು ಅಕ್ಟೋಬರ್ 25ರಂದು. 2019ರ ಮಾರ್ಚ್ 17ರಂದು ಹೊರಬಿದ್ದ ಫಿಲಿಪ್ಪೀನ್ಸ್‌ನ ಮಾಜಿ ಅಧ್ಯಕ್ಷ ಡುಟೆರ್ಟೆ ಅವರನ್ನು, ಅದಕ್ಕೂ ಹಿಂದಿನ ಆರೋಪಗಳ ಮೇಲೆ, 2025ರ ಮಾರ್ಚ್‌ನಲ್ಲಿ ಬಂಧಿಸಿ, ನ್ಯಾಯಾಲಯವಿರುವ ಹೇಗ್‌ಗೆ ಕರೆದೊಯ್ಯಲಾಯಿತು.