ಟೆಂಪರೇಚರ್ ಮುಳ್ಳು ಏರುವುದು ಟ್ರಾಫಿಕ್‌ನಲ್ಲೋ, ಹೈವೇಯಲ್ಲೋ?

ಕಾರಿನ ಎಂಜಿನ್ ಬಿಸಿಯಾಗುತ್ತಿದ್ದರೆ ಮೊದಲು ಗಮನಿಸಬೇಕಾದದ್ದು ಇದೇ. ಅರ್ಧ ರೋಗ ಇದರಲ್ಲೇ ಸಿಗುತ್ತದೆ.

ನಿಂತಾಗ ಏರಿ, ಓಡುವಾಗ ಇಳಿದರೆ ಹೆಚ್ಚಾಗಿ ರೇಡಿಯೇಟರ್ (ಎಂಜಿನ್‌ನ ಬಿಸಿ ದ್ರವವನ್ನು ತಣಿಸುವ ಭಾಗ) ಫ್ಯಾನಿನ ದೋಷ. ಎಸಿ ಹಾಕಿ ನೋಡಿ, ಬಹುತೇಕ ಕಾರುಗಳಲ್ಲಿ ಫ್ಯಾನ್ ತಿರುಗಲೇಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್), ಆಮೇಲೆ ಮೋಟಾರ್ ಪರೀಕ್ಷಿಸಿ. ಅಗ್ಗದ ಭಾಗದಿಂದಲೇ ಶುರುಮಾಡಿ.

ವೇಗದಲ್ಲಿ ಹೋಗುವಾಗ ಏರಿದರೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ಕಡಿಮೆ, ರೇಡಿಯೇಟರ್ ಕಟ್ಟಿಕೊಂಡಿದೆ, ವಾಟರ್ ಪಂಪ್ ಸೋತಿದೆ ಅಥವಾ ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ಕೂಲಂಟನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ಪೂರ್ತಿ ತೆರೆಯುತ್ತಿಲ್ಲ. ಎಂಜಿನ್ ಕಾದ ಮೇಲೂ ರೇಡಿಯೇಟರ್‌ನ ಒಂದು ಹೋಸ್ ಸುಡುವಷ್ಟು ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ಥರ್ಮೋಸ್ಟಾಟ್ ಮೇಲೆ ಅನುಮಾನಪಡಿ. ಅದನ್ನು ಬಿಚ್ಚಿ ಬಿಸಿನೀರಿನಲ್ಲಿ ಮುಳುಗಿಸಿ: ಮೇಲೆ ಕೊರೆದಿರುವ ಉಷ್ಣಾಂಶಕ್ಕೆ (ಸಾಮಾನ್ಯವಾಗಿ 82ರಿಂದ 90 ಡಿಗ್ರಿ) ತೆರೆಯಲು ಶುರುವಾಗಬೇಕು. ಕೆಲವರು ಅದನ್ನು ತೆಗೆದುಹಾಕಿಯೇ ಓಡಿಸುತ್ತಾರೆ. ದಯವಿಟ್ಟು ಬೇಡ, ಎಂಜಿನ್ ಸರಿಯಾಗಿ ಕಾಯದೆ ಇಂಧನ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು.

ಸೋರಿಕೆ ಕಾಣದೆಯೂ ಕೂಲಂಟ್ ಇಳಿಯುತ್ತಿದೆ, ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲುತ್ತಿಲ್ಲ, ಆಯಿಲ್ ಹಾಲು ಬೆರೆಸಿದಂತಿದೆ ಎಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಹೋಗಿರಬಹುದು. ಓಡಿಸಬೇಡಿ, ಟೋ ಮಾಡಿಸಿ.

ದಾರಿಯಲ್ಲಿ ಮುಳ್ಳು ಏರಿದರೆ ಎಸಿ ಆಫ್, ಹೀಟರ್ ಮತ್ತು ಬ್ಲೋವರ್ ಫುಲ್, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ಮುಟ್ಟಲೇಬೇಡಿ. ಒತ್ತಡದಲ್ಲಿರುವ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ, ಕ್ಯಾಪ್ ತೆರೆದ ಕ್ಷಣ ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಅರ್ಧ ಗಂಟೆ ಬಿಡಿ, ಹೋಸ್ ಹಿಚುಕಿದಾಗ ಮೆತ್ತಗಿರಬೇಕು.

ತುಂಬುವಾಗ ಕಂಪನಿ ಹೇಳಿದ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಪಾಲು. ರೆಡಿ-ಮಿಕ್ಸ್ ಆದರೆ ನೀರು ಸೇರಿಸಬೇಡಿ. ಒಳಗೆ ಗಾಳಿ ಉಳಿದರೆ ಮತ್ತೆ ಬಿಸಿಯಾಗುತ್ತದೆ, ಬ್ಲೀಡ್ ಮಾಡಲು (ಆ ಗಾಳಿಯನ್ನು ಹೊರಬಿಡಲು) ಮರೆಯಬೇಡಿ.