ಹಳೇ ಜೀಪ್ ಟ್ರೇಲರ್‌ನ ತೂರಾಟ ನಿಂತಿದ್ದು ಹೀಗೆ

ನಮ್ಮ ಹಳೇ ಕಾಲು ಟನ್ ಜೀಪ್ ಟ್ರೇಲರ್ ಬೆಂಗಳೂರು ದಾಟಿ ಮಣ್ಣುದಾರಿಗೆ ಇಳಿದರೆ ಸಾಕು, ತೂರಾಡುತ್ತಿತ್ತು. ಎಡಗಡೆ ಚಕ್ರದ ನಡುವಿನ ಹಬ್ ಕೈ ಇಡಲಾಗದಷ್ಟು ಕಾಯುತ್ತಿತ್ತು.

ಹಬ್ ಬಿಚ್ಚಿದಾಗ ಕಾರಣ ಕಂಡಿತು. ಗ್ರೀಸ್ ಒಣಗಿ ಕಪ್ಪು ಮೇಣದ ಹಾಗೆ ಅಂಟಿತ್ತು. ಬೇರಿಂಗ್‌ನ ರೋಲರ್‌ಗಳ ಮೇಲೆ ನೀಲಿ ಬಣ್ಣ. ಉಕ್ಕು ಅತಿಯಾಗಿ ಕಾದ ಗುರುತು ಅದು. ಇಂಥದ್ದನ್ನು ಸುಮ್ನೆ ತೊಳೆದು ಮತ್ತೆ ಹಾಕಬಾರದು. ಜೆ.ಸಿ. ರಸ್ತೆಯಲ್ಲಿ ಹೊಸ ಟೇಪರ್ ಬೇರಿಂಗ್, ಗ್ರೀಸ್ ಹೊರಗೆ ಬಾರದಂತೆ ತಡೆಯುವ ಆಯಿಲ್ ಸೀಲ್ ಸಿಕ್ಕವು. ರೋಲರ್‌ಗಳು ಉರುಳುವ ಹೊರಗಿನ ಉಂಗುರ, ಅಂದರೆ ಕಪ್ ಕೂಡ ಬದಲಿಸಿದೆ. ಸವೆದ ಕಪ್‌ನಲ್ಲಿ ಹೊಸ ರೋಲರ್ ಬಾಳುವುದಿಲ್ಲ. ಚಕ್ರ ತಿರುಗಿಸುತ್ತಲೇ ನಟ್ ಬಿಗಿದು, ಆಮೇಲೆ ಚೂರು ಸಡಿಲ ಬಿಟ್ಟು ಲಾಕ್ ಮಾಡಿದೆ. ಇಡೀ ಕೆಲಸದಲ್ಲಿ ಇದೇ ಮುಖ್ಯ. ಜಾಸ್ತಿ ಬಿಗಿದರೆ ಮತ್ತೆ ಕಾಯುತ್ತದೆ.

ಉಳಿದ ತೂರಾಟಕ್ಕೆ ಮದ್ದು ಲೋಡ್‌ನಲ್ಲಿತ್ತು. ನೀರಿನ ಕ್ಯಾನ್, ಟೂಲ್ ಬಾಕ್ಸ್ ಎರಡೂ ಆಕ್ಸಲ್‌ಗಿಂತ ಮುಂದಕ್ಕೆ ಬಂದವು. ಒಟ್ಟು ತೂಕದ ಶೇ. 10ರಿಂದ 15 ಭಾಗ ಟ್ರೇಲರ್ ಎಳೆಯುವ ಜೀಪಿನ ಹುಕ್ ಮೇಲೆ ಬೀಳಬೇಕು. ಕಲ್ಲುದಾರಿಯಲ್ಲಿ ಈ ಟ್ರೇಲರ್ ಹೊರಬಹುದಾದದ್ದೇ 500 ಪೌಂಡ್, ಅಂದರೆ ಸುಮಾರು 227 ಕೆ.ಜಿ.

ಟ್ರೇಲರ್‌ನ ಬಳೆ ಸಿಕ್ಕಿಸುವ ಈ ಹಳೇ ಪಿಂಟಲ್ ಹುಕ್ ಮಾತ್ರ ತೆಗೆಯಲಿಲ್ಲ. ಹಳ್ಳದಲ್ಲಿ ಜೀಪ್ ಒಂದು ಕಡೆ, ಟ್ರೇಲರ್ ಇನ್ನೊಂದು ಕಡೆ ವಾಲಿದರೂ ಅದರೊಳಗಿನ ಬಳೆ ಆರಾಮಾಗಿ ಹೊರಳುತ್ತದೆ. ಗುಂಡಿನ ಮೇಲೆ ಕೂರುವ ಬಾಲ್ ಹಿಚ್ ಅಷ್ಟು ಹೊರಳುವುದಿಲ್ಲ ಅಲ್ವಾ?