ಸಲಹೆ ಕೇಳಲು ಹೋಗುವ ಮುನ್ನ ಒಂದು ಹಾಳೆ ಲೆಕ್ಕ

ಸಣ್ಣ ಉದ್ಯಮ ಶುರುಮಾಡಲು ಜಿಲ್ಲಾ ಕೈಗಾರಿಕಾ ಕೇಂದ್ರದ ಮೆಟ್ಟಿಲು ಹತ್ತುವ ಹೊಸಬರ ಪ್ರಶ್ನೆ ಸಾಮಾನ್ಯವಾಗಿ ಎರಡೇ: ‘ಯಾವ ಬಿಸಿನೆಸ್ ಮಾಡಲಿ? ಸಬ್ಸಿಡಿ ಎಷ್ಟು ಸಿಗುತ್ತೆ?’ ಹೀಗೆ ಕೇಳಿದರೆ ಕೈಗೆ ಬರುವುದು ಯೋಜನೆಗಳ ಕರಪತ್ರ. ಉಪಯೋಗಕ್ಕೆ ಬರುವ ಸಲಹೆ ಬೇಕೆಂದರೆ ಲೆಕ್ಕ ಬರೆದುಕೊಂಡು ಹೋಗಬೇಕು.

1. ಒಂದೇ ಪದಾರ್ಥ ಆರಿಸಿ. ಶೇಂಗಾ ಚಟ್ನಿಪುಡಿ ಎಂದಿಟ್ಟುಕೊಳ್ಳೋಣ. ಉಪ್ಪಿನಕಾಯಿ, ಹಪ್ಪಳ ಆಮೇಲೆ ನೋಡಿದರಾಯಿತು.

2. ಒಂದು ಸಲದ ತಯಾರಿಗೆ ಪೂರ್ತಿ ಖರ್ಚು ಬರೆಯಿರಿ. ಹೆಚ್ಚಿನವರು ಎಡವುವುದು ಇಲ್ಲೇ. ಲೆಕ್ಕದ ಅನುಕೂಲಕ್ಕೆ ಹೀಗೆ ಹಿಡಿಯೋಣ: ಶೇಂಗಾ 10 ಕೆ.ಜಿ.ಗೆ 1,300 ರೂಪಾಯಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿ 400, ಪ್ಯಾಕೆಟ್, ಲೇಬಲ್ 200, ಗ್ಯಾಸ್ ಮತ್ತು ಗಿರಣಿ 150, ಸಾಗಾಟ 100, ಇಬ್ಬರ ದಿನಗೂಲಿ 1,000. ಒಟ್ಟು 3,150.

ಹುರಿದು, ಸಿಪ್ಪೆ ಕೇರಿ, ಕೆಟ್ಟ ಕಾಳು ಆರಿಸಿದ ಮೇಲೆ 10 ಕೆ.ಜಿ. ಶೇಂಗಾ 10 ಕೆ.ಜಿ. ಉಳಿಯುವುದಿಲ್ಲ. 9 ಉಳಿದು, ಮಸಾಲೆ 1 ಕೆ.ಜಿ. ಸೇರಿದರೆ 200 ಗ್ರಾಂನ 50 ಪ್ಯಾಕೆಟ್. ಒಂದಕ್ಕೆ ಬಿದ್ದ ಖರ್ಚು 63 ರೂಪಾಯಿ. ಎಂಆರ್‌ಪಿ 90 ಇಟ್ಟು ಅಂಗಡಿಯವರಿಗೆ ಶೇ 20 ಬಿಟ್ಟರೆ ನಿಮಗೆ 72. ಐದು ಪ್ಯಾಕೆಟ್ ಮಾರಾಟವಾಗದೆ ವಾಪಸ್ ಬಂದವೋ, ಉಳಿದ 45ರಿಂದ ಬರುವುದು 3,240. ಲಾಭ ಬರೀ 90 ರೂಪಾಯಿ!

ಮನೆಯವರೇ ದುಡಿಯುತ್ತಾರೆಂದು ಕೂಲಿ ಬಿಟ್ಟು ಬರೆದರೆ ಇದೇ ಲಾಭ 1,090 ಎಂದು ಕಾಣುತ್ತದೆ. ಅದನ್ನು ನಂಬಿ ಸಾಲ ಮಾಡಿದವರು, ಆಳು ಇಟ್ಟುಕೊಳ್ಳುವ ದಿನ ಬಂದಾಗ ಅಂಗಡಿ ಮುಚ್ಚುತ್ತಾರೆ. ನಿಮ್ಮ ಕೂಲಿಯನ್ನೂ ಬರೆಯಲೇಬೇಕು.

3. ಐದಾರು ಪ್ಯಾಕೆಟ್ ಎತ್ತಿಟ್ಟು 15 ದಿನಕ್ಕೊಂದು ಒಡೆದು ನೋಡಿ. ಕಮಟು ವಾಸನೆ ಬಂತೆಂದರೆ ಅಷ್ಟೇ ಅದರ ಆಯಸ್ಸು. ಫ್ರಿಜ್‌ನಲ್ಲಿಟ್ಟು ಪರೀಕ್ಷಿಸಬೇಡಿ, ಕಿರಾಣಿ ಅಂಗಡಿಯವರು ಇಡುವುದು ಸೆಕೆಯಲ್ಲಿ.

4. ಈಗ ಕೇಳಲು ಹೊರಡಿ. ಮೊದಲು ಮೂರು ಕಿರಾಣಿ ಅಂಗಡಿ: ಎಷ್ಟು ಮಾರ್ಜಿನ್, ಎಷ್ಟು ದಿನ ಉದ್ರಿ, ಉಳಿದ ಮಾಲು ವಾಪಸ್ಸೇ? ಆಮೇಲೆ ಇದೇ ಕಸುಬಿನವರೊಬ್ಬರು, ಆದರೆ ಪಕ್ಕದ ತಾಲ್ಲೂಕಿನವರು. ನಿಮ್ಮೂರಿನವರು ಪ್ರತಿಸ್ಪರ್ಧಿಗೆ ಗುಟ್ಟು ಬಿಡುವುದಿಲ್ಲ. ತರಬೇತಿಗೆ ಬ್ಯಾಂಕುಗಳು ನಡೆಸುವ ಆರ್‌ಸೆಟಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ಇದೆ; ಊಟ, ವಸತಿ ಸಹಿತ ಉಚಿತ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟಿಯೇ ಇವುಗಳಿಗೆ ಮಾದರಿ. ಸಾವಿರಾರು ರೂಪಾಯಿ ಕಿತ್ತು ಎರಡು ದಿನದ ‘ಬಿಸಿನೆಸ್ ವರ್ಕ್‌ಶಾಪ್’ ನಡೆಸುವವರಿಗಿಂತ ಇಲ್ಲಿಗೆ ಹೋಗುವುದೇ ಮೇಲು.

ಕೈಗಾರಿಕಾ ಕೇಂದ್ರದ ಸರದಿ ಕೊನೆಗೆ. ಹಾಳೆ ಮುಂದಿಟ್ಟು, ‘ಕೂಲಿ ಖರ್ಚು ಇಳಿಯಬೇಕಾದರೆ ಯಾವ ಅಳತೆಯ ಯಂತ್ರ ಬೇಕು, ಅದು ಯಾವ ಯೋಜನೆಯಲ್ಲಿ ಬರುತ್ತದೆ’ ಎಂದು ಕೇಳಿ.

5. ಕಾಗದಪತ್ರ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ‘ಉದ್ಯಮ್’ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ಶುಲ್ಕ ಕೇಳುವ ತಾಣ ಸರ್ಕಾರದ್ದಲ್ಲ. ತಿನ್ನುವ ಪದಾರ್ಥವಾದ್ದರಿಂದ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯೂ ಬೇಕು, ಅದರ 14 ಅಂಕಿಯ ಸಂಖ್ಯೆ ಲೇಬಲ್ ಮೇಲಿರಬೇಕು. ಸಂಖ್ಯೆ ಬರುವ ಮುಂಚೆ ಸಾವಿರಗಟ್ಟಲೆ ಲೇಬಲ್ ಅಚ್ಚುಹಾಕಿಸಬೇಡಿ.

ಸಾಲದ ಅರ್ಜಿಗೆಂದು ಏಜೆಂಟರು ಮಾರುವ ರೆಡಿಮೇಡ್ ಪ್ರಾಜೆಕ್ಟ್ ರಿಪೋರ್ಟ್ ಕೊಳ್ಳಬೇಡಿ. ‘ದಿನಕ್ಕೆ ಎಷ್ಟು ಕೆ.ಜಿ. ಮಾಡ್ತೀರಿ?’ ಎಂದು ಬ್ಯಾಂಕ್ ಮ್ಯಾನೇಜರ್ ಕೇಳಿದೊಡನೆ ಬಂಡವಾಳ ಬಯಲಾಗುತ್ತದೆ.

6. ಸಾಲ ಮಂಜೂರಾಗುವ ತನಕ ಯಂತ್ರಕ್ಕೆ ಕೊಟೇಷನ್ ಮಾತ್ರ ತನ್ನಿ, ಅಡ್ವಾನ್ಸ್ ಕೊಡಬೇಡಿ. ಪಿಎಂಇಜಿಪಿಯ (ಸಣ್ಣ ಉದ್ಯಮಕ್ಕೆ ಸಬ್ಸಿಡಿ ಸಹಿತ ಬ್ಯಾಂಕ್ ಸಾಲ ಕೊಡಿಸುವ ಕೇಂದ್ರದ ಯೋಜನೆ) ಮೊದಲ ಸಾಲ ಹೊಸ ಘಟಕಗಳಿಗೆ ಮಾತ್ರ. ಅದರ ಸಬ್ಸಿಡಿಯೂ ಕೈಗೆ ಬರುವುದಿಲ್ಲ. 3 ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಘಟಕದ ತಪಾಸಣೆಯಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಆ ಹಣದಲ್ಲಿ ಶೇಂಗಾ ಕೊಳ್ಳುವ ಲೆಕ್ಕ ಹಾಕಿದ್ದರೆ ಈಗಲೇ ಹೊಡೆದುಹಾಕಿ.